ಉಮಾವತಿಯಮ್ಮನ ಬೋಗುಣಿ

ನನಗೆ ಇಬ್ಬರು ಗೈಡ್. ಜೀವವಿಜ್ಞಾನಕ್ಕೆ ಸ್ವಾತಿ ಮೇಡಂ, ಎಂಜಿನಿಯರಿಂಗಿಗೆ ಮಹಾಲಿಂಗ ಸರ್. ಎರಡನ್ನೂ ಬೆರೆಸಿ ಕಲಿಸುವ ಪಿಎಚ್‌ಡಿ ಎಂದು ಬ್ರಹ್ಮಾವರದ ಹತ್ತಿರದ ನಮ್ಮ ಸಂಶೋಧನಾ ಕೇಂದ್ರದವರು ಹೆಮ್ಮೆಯಿಂದ ಹೇಳುತ್ತಾರೆ. ಬೆರೆಯುವುದೆಲ್ಲ ಕರಪತ್ರದಲ್ಲಿ ಮಾತ್ರ. ಕಳೆದ ವರ್ಷದ ಪರಿಶೀಲನೆಯಲ್ಲಿ ಕಮಿಟಿಯ ಅಧ್ಯಕ್ಷರು, "ಈ ತನ್ವಿ ಯಾರ ಸ್ಟೂಡೆಂಟ್?" ಎಂದು ಕೇಳಿದಾಗ ಮೇಡಂ ಸರ್ ಕಡೆ ನೋಡಿದರು, ಸರ್ ಮೇಡಂ ಕಡೆ ನೋಡಿದರು. ನಾನು ಫ್ಯಾನ್ ನೋಡಿದೆ. ಮುಂದಿನ ಸಲವೂ ಹೀಗೇ ಆದರೆ ಸೀಟು ಬಿಡಬೇಕಾಗುತ್ತದೆ ಎಂದು ಅಧ್ಯಕ್ಷರು ನಗುನಗುತ್ತಲೇ ಹೇಳಿದರು.

ನನ್ನ ವಿಷಯ ಪಚ್ಚಿಲೆ. ಸಮುದ್ರದ ಬಂಡೆಗೆ ಕಚ್ಚಿಕೊಂಡು ಬದುಕುವ ಹಸಿರು ಚಿಪ್ಪಿನ ಪ್ರಾಣಿ. ಗಡ್ಡದಂಥ ನಾರು ಬಿಟ್ಟು, ಅದರ ತುದಿಯ ಅಂಟಿನಿಂದ ನೀರೊಳಗೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಆ ಅಂಟಿನ ಪ್ರೋಟೀನಿನಿಂದ ಮುಂದೊಂದು ದಿನ ಹೊಲಿಗೆ ಹಾಕದೆಯೇ ಗಾಯ ಕೂಡಿಸಬೇಕೆಂಬುದು ನನ್ನ ಆಸೆ. ಸಾಲಿಗ್ರಾಮದ ನಮ್ಮ ಮನೆಯಲ್ಲಿ ಮೀನಿನ ಹೆಸರೆತ್ತಿದರೆ ಅಮ್ಮ ಮೂಗು ಮುಚ್ಚುತ್ತಾಳೆ. ಮಗಳು ಗೋಂದಿನ ಮೇಲೆ ಸಂಶೋಧನೆ ಮಾಡುತ್ತಿದ್ದಾಳೆಂದು ನಂಬಿದ್ದಾಳೆ. ಸುಳ್ಳೇನಲ್ಲವಲ್ಲ!

ಮೇಡಂಗೆ ಜೀವಂತ ಪ್ರಾಣಿಯ ಹೊಸ ನಾರೇ ಆಗಬೇಕು. ಸರ್‌ಗೆ ಅದು ಸ್ಟೀಲಿಗೆ ಹಿಡಿದಿರಬೇಕು, ಎಳೆದು ಬಲ ಅಳೆಯಲಿಕ್ಕೆ. ಲ್ಯಾಬಿನಲ್ಲಿ ಸ್ಟೀಲ್ ತಟ್ಟೆಯ ಮೇಲೆ ಪಚ್ಚಿಲೆ ಇಟ್ಟು ಕಾದೆ. ಹಿಡಿಯಿತೋ ಹಿಡಿಯಿತೋ ಎಂದು ಗಳಿಗೆಗೊಮ್ಮೆ ನಾನೇ ಎತ್ತಿ ನೋಡುತ್ತಿದ್ದರೆ, ಪಾಪ, ಅವಾದರೂ ಹೇಗೆ ಹಿಡಿದಾವು! ಕೊನೆಗೆ ಸ್ಟೀಲ್ ಹಾಳಾಗಿ ಹೋಗಲಿ, ಬಂಡೆಗೆ ಅಂಟಿದ ಗಡ್ಡವನ್ನಾದರೂ ತೋರಿಸೋಣ ಎಂದು ಈ ವರ್ಷದ ಪರಿಶೀಲನೆಯ ಹಿಂದಿನ ದಿನ ಬೈಂದೂರಿಗೆ ಹೋದೆ. ಜೊತೆಗೆ ನಮ್ಮ ಲ್ಯಾಬಿನ ಎಂಜಿನಿಯರ್ ರೋಹನ್. ಅವನ ಮನೆ ಅಲ್ಲೇ. ಇಳಿತದ ಹೊತ್ತಿಗೆ ಕಲ್ಲಿನ ಚೂರುಗಳ ಸಮೇತ ಪಚ್ಚಿಲೆ ಎಬ್ಬಿಸಿ, ಸಮುದ್ರದ ನೀರು ತುಂಬಿದ ಬಕೆಟ್ಟಿನಲ್ಲಿ ಅವನ ಮನೆಯ ಹಿತ್ತಿಲಲ್ಲಿಟ್ಟು, ನೀರಿಗೆ ಗಾಳಿ ಬಿಡುವ ಪಂಪ್ ತರಲು ಪೇಟೆಗೆ ಹೋದೆವು.

ಬಂದು ನೋಡಿದರೆ ಬಕೆಟ್ ಖಾಲಿ. ರೋಹನನ ಅಮ್ಮ ಉಮಾವತಿಯಮ್ಮ ಕತ್ತರಿ ತೊಳೆಯುತ್ತಿದ್ದರು.

"ಅಮ್ಮ, ಪಚ್ಚಿಲೆ ಎಂತ ಮಾಡ್ದೆ?" ಎಂದ ರೋಹನ್.

"ಎಲ್ಲ ಚೊಕ್ಕ ಮಾಡಿ ಇಟ್ಟಿದೆ ಮಾಣಿ. ಎಂಥಾ ಗಡ್ಡ ಮರಾಯ ಅದ್ರದ್ದ್! ಕತ್ರಿಸಿ ತೆಂಗಿನ ಬುಡಕ್ಕೆ ಹಾಕ್ದೆ."

ತೆಂಗಿನ ಬುಡದಲ್ಲಿ ನನ್ನ ಪಿಎಚ್‌ಡಿಯನ್ನು ಕೋಳಿ ಕೆದಕುತ್ತಿತ್ತು. ನಾನು ಮೆಟ್ಟಿಲ ಮೇಲೆ ಕೂತು ಗೊಳೋ ಎಂದು ಅತ್ತುಬಿಟ್ಟೆ.

"ಎಂತಕ್ ಮರ್ಕುದ್ ಹೆಣೆ?" ಉಮಾವತಿಯಮ್ಮ ಓಡಿ ಬಂದರು. "ಇವತ್ ಸಂಕಷ್ಟಿ, ನಮ್ಮಲ್ಲಿ ಮೀನ್ ಮಾಡುಕಿಲ್ಲ. ಇಲ್ದಿರೆ ಇಷ್ಟೊತ್ತಿಗೆ ಸುಕ್ಕ ಆತಿತ್ತ್. ನಾಳಿಗೆ ಮಾಡಿ ಕೊಡ್ತೆ, ಸುಮ್ನಿರ್."

ಮನೆಯಲ್ಲಿ ತಿನ್ನಲು ಸಿಗದ ಹುಡುಗಿ ಸುಕ್ಕದ ಆಸೆಗೆ ಅಳುತ್ತಿದ್ದಾಳೆಂದು ಅವರು ತಿಳಿದಿದ್ದರು. ರೋಹನ್ ನಗು ತಡೆಯಲಾಗದೆ ಹಿತ್ತಿಲ ಆಚೆ ಹೋದ. ದರಿದ್ರದವನು! ಪಚ್ಚಿಲೆ ಮರಳು ಬಿಡಲಿ ಎಂದು ಉಮಾವತಿಯಮ್ಮ ಅದೇ ಸಮುದ್ರದ ನೀರಿನ ಸಮೇತ ತಮ್ಮ ದೊಡ್ಡ ಸ್ಟೀಲ್ ಬೋಗುಣಿಗೆ ಹಾಕಿ ಮುಚ್ಚಿಟ್ಟಿದ್ದರು. ಎತ್ತಿ ನೋಡುವ ಮನಸ್ಸೂ ನನಗೆ ಉಳಿದಿರಲಿಲ್ಲ. ಅಲ್ಲೇ ಉಳಿದು, ಅವಲಕ್ಕಿ ತಿಂದು ಮಲಗಿದೆ.

ಬೆಳಿಗ್ಗೆ ಅಡುಗೆಮನೆಯಿಂದ ಕೂಗು ಕೇಳಿತು. "ಹ್ವಾಯ್! ಇದೆಂತ, ಎಳ್ದ್ರೂ ಬತ್ತಿಲ್ಲ!"

ಓಡಿದೆ. ಒಂದೊಂದು ಪಚ್ಚಿಲೆಯೂ ಹೊಸ ನಾರು ಬಿಟ್ಟು ಬೋಗುಣಿಯ ತಳವನ್ನು ಹಿಡಿದುಕೊಂಡಿತ್ತು. ಜೀವಂತ, ಹೊಸ ನಾರು, ಅದೂ ಸ್ಟೀಲಿಗೆ! ಉಮಾವತಿಯಮ್ಮನನ್ನು ಅಪ್ಪಿಕೊಂಡೆ.

"ಅಮ್ಮ, ಈ ಬೋಗುಣಿ ಒಂದ್ ಸಲ ಕೊಡಿ."

"ಬೋಗುಣಿ ತಕಂಡ್ ಹೋರೆ ಸುಕ್ಕ ಹ್ಯಾಂಗ್ ಮಾಡುದ್?"

ಬಸ್ಸಿನಲ್ಲಿ ಬೋಗುಣಿ ನನ್ನ ತೊಡೆಯ ಮೇಲಿತ್ತು. ಕುಂಭಾಶಿ ದಾಟುವಾಗ ಆನೆಗುಡ್ಡೆ ಗಣಪತಿಯ ಕಡೆ ಕೈ ಮುಗಿಯಲು ಕೈ ಖಾಲಿ ಇರಲಿಲ್ಲ. ತಲೆ ಬಗ್ಗಿಸಿದೆ. ಸಂಕಷ್ಟಿ ಇಲ್ಲದಿದ್ದರೆ ನನ್ನ ಸಂಶೋಧನೆ ಒಗ್ಗರಣೆಗೆ ಬೀಳುತ್ತಿತ್ತು.

ಕಮಿಟಿಯ ಮೇಜಿನ ಮೇಲೆ ಬೋಗುಣಿ ಇಟ್ಟೆ. ಮಹಾಲಿಂಗ ಸರ್ ಒಂದು ಪಚ್ಚಿಲೆಗೆ ಕೊಕ್ಕೆ ಹಾಕಿ ಎಳೆದರು. ಬೋಗುಣಿಯೇ ಅವರತ್ತ ಜರುಗಿತು, ಪಚ್ಚಿಲೆ ಬಿಡಲಿಲ್ಲ. "ಮೆಲ್ಲ ಸರ್, ಅದಕ್ಕೂ ಜೀವ ಇದೆ!" ಎಂದು ಸ್ವಾತಿ ಮೇಡಂ ಬೋಗುಣಿಯ ಇನ್ನೊಂದು ಅಂಚು ಹಿಡಿದರು. ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು ಹಳೆಯ ಪ್ರಶ್ನೆಯನ್ನೇ ಕೇಳಿದರು. "ಅಂತೂ ಇವಳು ಯಾರ ಸ್ಟೂಡೆಂಟ್?"

"ನನ್ನ ಸ್ಟೂಡೆಂಟ್," ಎಂದರು ಇಬ್ಬರೂ, ಒಟ್ಟಿಗೇ.

ನನಗೆ ಮತ್ತೆ ಅಳು ಬಂತು. ಅಷ್ಟರಲ್ಲಿ ಬೋಗುಣಿ ಯಾರ ಲ್ಯಾಬಿಗೆ ಹೋಗಬೇಕೆಂದು ಅವರಿಬ್ಬರಿಗೆ ಜಗಳವೇ ಶುರುವಾಯಿತು. ನನ್ನ ಫೋನ್ ಬಡಿದುಕೊಂಡಿತು, ಉಮಾವತಿಯಮ್ಮ. ಸಂಗತಿ ಹೇಳಿದೆ.

"ಯಾರ್ ಅವ್ರ್? ಬೋಗುಣಿ ನಂದ್ ಅಂದ್ ಹೇಳ್!"

ಹೇಳಿದೆ. ಇಬ್ಬರೂ ಬೋಗುಣಿ ಬಿಟ್ಟುಕೊಟ್ಟರು. ನನ್ನನ್ನು ಬಿಟ್ಟುಕೊಡಲಿಲ್ಲ.