ಮೆಲ್ಕಾರಿನ ಕೋಣೆಗೆ ರಟ್ಟಿನ ಗುಡುಗು

ಮೈಕಿನವನಿಗೆ ಕಿವಿ ಮುಖ್ಯವೋ ಬಾಯಿ ಮುಖ್ಯವೋ ಎಂದು ಯಾರಾದರೂ ಕೇಳಿದರೆ ನನ್ನ ಹೆಂಡತಿ ಯೋಚನೆಯೇ ಮಾಡದೆ ಬಾಯಿ ಎನ್ನುತ್ತಾಳೆ. ನನ್ನನ್ನು ನೋಡಿ ಹೇಳುವ ಮಾತು ಅದು. ಬೆಳ್ತಂಗಡಿ ಪೇಟೆಯಲ್ಲಿ ಸೌಂಡ್ಸ್ ಅಂಗಡಿ ಇಟ್ಟುಕೊಂಡೇ ನನ್ನ ತಲೆಕೂದಲು ಬೆಳ್ಳಗಾಯಿತು. ಯಕ್ಷಗಾನ, ಮದುವೆ, ಕ್ರಿಕೆಟ್ ಪಂದ್ಯ, ಶಾಲೆಯ ವಾರ್ಷಿಕೋತ್ಸವ, ಎಲ್ಲಿಗೇ ಆಗಲಿ ಈ ನಿತ್ಯಾನಂದನ ಸ್ಪೀಕರ್ ಪೆಟ್ಟಿಗೆ ಹೋದರೆ ಕೊನೆಯ ಸಾಲಿನಲ್ಲಿ ಕೂತ ಅಜ್ಜನಿಗೂ ಕೇಳಬೇಕು. ಕೇಳದಿದ್ದರೆ ಕೆಲಸದವರಿಗೆ ಬೈಯುತ್ತೇನೆ. ಕೇಳಿದರೂ ಯಾವುದಾದರೂ ವಯರಿನ ವಿಷಯದಲ್ಲಿ ಅಷ್ಟರೊಳಗೆ ಬೈದಾಗಿರುತ್ತದೆ.

ಮಗಳು ದೀಕ್ಷಿತಾಳಿಗೆ ಬೈದು ಮಾತ್ರ ಪ್ರಯೋಜನವಿಲ್ಲ. ಮೂಡುಬಿದಿರೆಯಲ್ಲಿ ಎಲೆಕ್ಟ್ರಾನಿಕ್ಸ್ ಓದಿ ಮುಗಿಸಿದವಳು ಮಾರನೆಯ ದಿನವೇ ಅಂಗಡಿಗೆ ಬಂದು ಸುಟ್ಟ ಆಂಪ್ಲಿಫೈಯರ್ ಒಂದನ್ನು ಬಿಚ್ಚಿಕೊಂಡು ಕೂತಳು. ನಾಲ್ಕು ದಿನದ ಹುಚ್ಚು ಎಂದುಕೊಂಡೆ. ಹುಚ್ಚು ಬಿಡಲಿಲ್ಲ. ಕೆಲಸವೆಲ್ಲ ಅವಳ ಕೈಗೆ ಬಂತು, ಆದರೆ ಅಂಗಡಿ ಅವಳ ಪಾಲಿನದ್ದಾಗಿರಲಿಲ್ಲ. ಅದು ನನ್ನ ಅಕ್ಕ ಕಾಂತಿಯ ಮಗ ತರುಣನಿಗೆ ಎಂದು ಮನೆಯಲ್ಲಿ ಎಂದೋ ಮಾತಾಗಿತ್ತು. ನಾವು ಬಂಟರು. ಸೋದರಮಾವನದ್ದು ಸೋದರಳಿಯನಿಗೆ ಎಂಬ ಅಳಿಯಕಟ್ಟು ಕಾನೂನಿನಲ್ಲಿ ಹೋಗಿ ಎಷ್ಟೋ ಕಾಲವಾಯಿತು, ಮನಸ್ಸಿನಲ್ಲಿ ಇನ್ನೂ ಹೋಗಿಲ್ಲ. ತರುಣ್ ಒಳ್ಳೆಯ ಹುಡುಗನೇ. ಮೂಡುಬಿದಿರೆ ಬಸ್‌ಸ್ಟ್ಯಾಂಡ್ ಹತ್ತಿರ ಅವನದ್ದೊಂದು ಮೊಬೈಲ್ ಅಂಗಡಿಯೂ ಇದೆ, ಮದುವೆಯ ಮಾತುಕತೆಯೂ ಆಗ ನಡೆಯುತ್ತಿತ್ತು. ಆದರೆ ಸ್ಪೀಕರಿನ ಮುಖ ಯಾವುದು, ಬೆನ್ನು ಯಾವುದು ಎಂದು ಅವನಿಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ.

ಹೀಗಿರುವಾಗ ಮೆಲ್ಕಾರಿನ ಹಸೈನಾರಾಕ ಅಂಗಡಿಗೆ ಬಂದರು. ಶಾರ್ಜಾದಲ್ಲಿ ದುಡಿದು ಬಂದು ಹೊಸ ಮನೆ ಕಟ್ಟಿಸಿದವರು. ಮಹಡಿಯ ಒಂದು ಕೋಣೆಯನ್ನು ಸಿನಿಮಾ ನೋಡುವುದಕ್ಕೆಂದೇ ಮಾಡಿಸಿ, ದೊಡ್ಡ ಪರದೆ, ಸುತ್ತ ಸ್ಪೀಕರ್ ಎಲ್ಲ ಕೂರಿಸಿದ್ದರು. ಸಬ್‌ವೂಫರ್ ಒಂದು ಬಾಕಿ ಇತ್ತು. ಆಳದ ಗುಡುಗನ್ನಷ್ಟೇ ಕೊಡುವ ಪೆಟ್ಟಿಗೆ ಅದು. ಪೇಟೆಯಲ್ಲಿ ಸಿಗುವುದು ಯಾವುದೂ ಅವರ ಮನಸ್ಸಿಗೆ ಬಂದಿರಲಿಲ್ಲ.

“ಶೆಟ್ರೇ, ಆನೆ ನಡೆದರೆ ಆನೆಯೇ ನಡೆದ ಹಾಗೆ ಆಗಬೇಕು,” ಎಂದರು. “ಆದರೆ ಪೆಟ್ಟಿಗೆ ಕಪಾಟಿನ ಹಾಗೆ ಇರಬಾರದು. ನಮ್ಮ ಶಬ್ನಾ ಒಳಗೆ ತರಲಿಕ್ಕೇ ಬಿಡುವುದಿಲ್ಲ. ಮೂಲೆಯಲ್ಲಿ ಒಂದು ಸ್ಟೂಲಿನಷ್ಟು ಜಾಗ ಕೊಟ್ಟಿದ್ದಾಳೆ, ಅಷ್ಟೇ.”

ಶಬ್ನಾ ಅವರ ಹೆಂಡತಿ. ಸ್ಟೂಲಿನಷ್ಟು ಜಾಗದಲ್ಲಿ ಆನೆ ನಡೆಸುವುದು ನನ್ನಿಂದಾಗದ ಕೆಲಸ ಎಂದು ಹೇಳಲು ಹೊರಟಿದ್ದೆ. ಅಷ್ಟರಲ್ಲಿ ಹಿಂದಿನಿಂದ, ಬೆಸುಗೆ ಹಾಕುತ್ತಲೇ, ದೀಕ್ಷಿತಾ ಹೇಳಿದಳು: “ಅಡ್ಡ ಬೇಡ, ಉದ್ದಕ್ಕೆ ಮಾಡುವ ಹಸೈನಾರಾಕ. ಕೊಳವೆ. ಕಂಬದ ಹಾಗೆ ಮೂಲೆಯಲ್ಲಿ ನಿಲ್ತದೆ. ನಾನು ಮಾಡಿಕೊಡ್ತೇನೆ.”

ಹಸೈನಾರಾಕ ಖುಷಿಯಿಂದ ಒಪ್ಪಿ ಹೋದರು. ಅವರು ಮೆಟ್ಟಿಲು ಇಳಿಯುವುದನ್ನೇ ಕಾದಿದ್ದೆ.

“ಕೊಳವೆ ಎಂತದರದ್ದು?”

“ರಟ್ಟಿನದ್ದು ಪಪ್ಪ.”

“ರಟ್ಟಾ? ಅದರೊಳಗೆ ಎಂತ, ಮದುವೆಯ ಲಾಡು ತುಂಬಿಸಿ ಕೊಡುವುದಾ?”

“ಶಬ್ದ ಕೇಳಿದ ಮೇಲೆ ಹೇಳಿ.”

“ಕೇಳುವುದು ಎಂತ ಮಾರಾಯ್ತಿ! ಆ ರಟ್ಟಿನಿಂದ ಹಸೈನಾರಾಕನ ಕೋಣೆ ನಡುಗಿದರೆ ಈ ಅಂಗಡಿ ನಿನಗೇ ಕೊಡ್ತೇನೆ.”

ಪೆಟ್ಟಿಗೆ ಹೊರುವ ನಮ್ಮ ಹಳೆಯ ಆಳು ತುಕ್ರಪ್ಪ ವಯರ್ ಸುತ್ತುವುದನ್ನು ನಿಲ್ಲಿಸಿದ. ದೀಕ್ಷಿತಾ ಬೆಸುಗೆಯ ಕಡ್ಡಿಯನ್ನು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು.

“ಸಿಟ್ಟಿನಲ್ಲಿ ಹೇಳಿದ್ದಾ, ನಿಜಕ್ಕೆ ಹೇಳಿದ್ದಾ?”

“ನಾನು ಸಿಟ್ಟಿನಲ್ಲಿಯೂ ನಿಜವೇ ಹೇಳುವುದು.”

“ಸರಿ. ನನಗೆ ಈ ಅಂಗಡಿ ಬೇಕು ಪಪ್ಪ. ಬೇರೆ ಎಂತದ್ದೂ ಬೇಡ. ಮಾಡಿ ತೋರಿಸ್ತೇನೆ.”

ಅಲ್ಲಿಯವರೆಗೆ ಅವಳು ಬಾಯಿಬಿಟ್ಟು ಹಾಗೆ ಕೇಳಿದ್ದಿಲ್ಲ. ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸ ನನಗಿಲ್ಲ.

ಬೈಕಂಪಾಡಿಯ ಗುಜರಿ ಅಂಗಡಿಯಿಂದ ಅವಳು ರಟ್ಟಿನ ಡ್ರಮ್ಮುಗಳನ್ನು ತಂದಳು. ಕಾರ್ಖಾನೆಗಳಿಗೆ ಬಣ್ಣದ ಪುಡಿ ತುಂಬಿ ಬರುವಂಥವು, ತೆಂಗಿನ ಚಿಪ್ಪಿನಷ್ಟು ದಪ್ಪ, ಬಡಿದರೆ ಗಟ್ಟಿಯಾಗಿಯೇ ಇದ್ದವು. ತಳ ಕತ್ತರಿಸಿ ಒಂದರ ಮೇಲೊಂದು ಕೂರಿಸಿದಳು. ಹಳೆಯ ಚಪ್ಪರದ ಬಟ್ಟೆಯನ್ನು ಪಟ್ಟಿ ಪಟ್ಟಿಯಾಗಿ ಹರಿದು, ಮರಗೆಲಸದ ಗಮ್ಮಿನಲ್ಲಿ ಅದ್ದಿ, ಸುತ್ತಲೂ ಪದರ ಪದರವಾಗಿ ಸುತ್ತಿದಳು. ಒಣಗಿದ ಮೇಲೆ ಕೊಳವೆ ಅವಳ ಹೆಗಲಿನ ಎತ್ತರಕ್ಕಿತ್ತು. ಮೇಲೆ ಕೆಳಗೆ ದಪ್ಪ ಪ್ಲೈವುಡ್ಡಿನ ಬಿಲ್ಲೆ. ಸ್ಪೀಕರ್ ನೆಲದ ಕಡೆ ಮುಖ ಮಾಡಿ, ಮೋಟು ಕಾಲುಗಳ ಮೇಲೆ. ಒಳಗಿನ ಗಾಳಿ ಉಸಿರಾಡಲಿಕ್ಕೆಂದು ಮೇಲಿನ ಬಿಲ್ಲೆಯಿಂದ ಒಳಕ್ಕೆ ಇಳಿಬಿಟ್ಟ ಪಿವಿಸಿ ಪೈಪು. ಆ ಪೈಪಿನ ಉದ್ದದ ಮೇಲೆಯೇ ಶಬ್ದದ ಆಳ ನಿಂತಿರುವುದಂತೆ. ಮೊದಲು ಉದ್ದವಾಗಿಯೇ ಇಟ್ಟು, ಕೇಳಿ, ಬೆರಳಷ್ಟು ಕತ್ತರಿಸಿ, ಮತ್ತೆ ಕೇಳಿ, ಹಾಗೇ ಮಾಡುತ್ತಾ ಹೋದಳು.

“ಹಲಗೆಯ ಪೆಟ್ಟಿಗೆಯ ಹೊಟ್ಟೆ ಉಬ್ಬಬಾರದು ಎಂದು ನೀವು ಒಳಗೆ ಎಷ್ಟು ಅಡ್ಡಪಟ್ಟಿ ಹೊಡೆಯುತ್ತೀರಿ ಪಪ್ಪ. ಉರುಟು ಇದ್ದರೆ ಎಲ್ಲ ಕಡೆ ಒಂದೇ ಒತ್ತಡ, ಉಬ್ಬುವುದೇ ಇಲ್ಲ. ಚೆಂಡೆ ಯಾಕೆ ಚೌಕ ಇಲ್ಲ ಹೇಳಿ?”

ವಯರ್ ಸುತ್ತಿದ್ದು ಸರಿಯಾಗಲಿಲ್ಲ ಎಂದು ತುಕ್ರಪ್ಪನಿಗೆ ಬೈದೆ.

ನಮ್ಮ ಕಸುಬಿನಲ್ಲಿ ಒಂದು ಕ್ರಮವಿದೆ. ಹೊಸ ಪೆಟ್ಟಿಗೆ ಯಾವುದೇ ಇರಲಿ, ಅಂಗಳದಲ್ಲಿಟ್ಟು ಚೆಂಡೆಯ ಪೆಟ್ಟಿನ ರೆಕಾರ್ಡು ಹಾಕಿ, ಗೇಟು ದಾಟಿ ರಸ್ತೆಯಲ್ಲಿ ನಿಂತು ಕೇಳುವುದು. ಎದೆಗೆ ಬಡಿದರೆ ಪಾಸು, ಇಲ್ಲದಿದ್ದರೆ ಫೇಲು. ಜಿಲ್ಲೆಯ ಮೈಕಿನವರೆಲ್ಲ ಹೀಗೆಯೇ ಮಾಡುವುದು. ಕೊಳವೆ ತಯಾರಾದ ದಿನ ನಾನು ತುಕ್ರಪ್ಪನಿಗೆ ಅದನ್ನು ಮನೆಯ ಅಂಗಳಕ್ಕೆ ತರಲು ಹೇಳಿದೆ.

“ಇದನ್ನು ಅಂಗಳದಲ್ಲಿ ಕೇಳಬಾರದು ಪಪ್ಪ. ಇದು ಕೋಣೆಯೊಳಗೆ ಇಡಲಿಕ್ಕೆ ಮಾಡಿದ್ದು,” ಎಂದು ದೀಕ್ಷಿತಾ ಹೇಳಿದಳು.

“ಅಂಗಳದಲ್ಲಿ ಕೇಳದ್ದು ಎಲ್ಲಿಯೂ ಕೇಳುವುದಿಲ್ಲ,” ಎಂದು ನಾನು ರಸ್ತೆಗೆ ಹೋಗಿ ನಿಂತೆ.

ಚೆಂಡೆ ಹಾಕಿದರು. ಯಾರೋ ಒಳಕೋಣೆಯಲ್ಲಿ ತಲೆದಿಂಬು ಕೊಡವಿದಷ್ಟು ಸದ್ದಾಯಿತು. ಎದೆಗೆ ಬಡಿಯುವುದು ಇರಲಿ, ಗೇಟಿನ ಹತ್ತಿರ ಮಲಗಿದ್ದ ನಾಯಿ ಕಿವಿ ಸಹ ಅಲ್ಲಾಡಿಸಲಿಲ್ಲ. ನಾನು ಒಳಗೆ ಬಂದು ಯಾರಿಗೂ ಬೈಯಲಿಲ್ಲ. ನಾನು ಬೈಯಲಿಲ್ಲವೆಂದರೆ ವಿಷಯ ಎಷ್ಟು ಕೆಟ್ಟಿದೆ ಎಂದು ಮನೆಯವರಿಗೆ ಗೊತ್ತು.

ಭಾನುವಾರ ಬೆಳಿಗ್ಗೆ ಪಿಕಪ್ಪಿಗೆ ಕೊಳವೆ ಹೇರಿದೆವು. ಅದರ ಪಕ್ಕದಲ್ಲಿ ನನ್ನದೊಂದು ದೊಡ್ಡ ಪೆಟ್ಟಿಗೆಯನ್ನೂ ಹೇರಿಸಿದೆ.

“ಅದು ಯಾಕೆ?” ಎಂದಳು ದೀಕ್ಷಿತಾ.

“ಹಸೈನಾರಾಕನ ಎದುರು ಮರ್ಯಾದೆ ಉಳಿಯಬೇಕಲ್ಲ.”

ಅವಳ ಮುಖ ಸಣ್ಣದಾಯಿತು. ಪುಂಜಾಲಕಟ್ಟೆ ದಾಟುವವರೆಗೆ ಕಿಟಕಿಯ ಆಚೆ ನೋಡುತ್ತಾ ಕೂತಿದ್ದಳು. ಬಿ.ಸಿ.ರೋಡಿನ ಬಸ್ಸುಗಳ ನಡುವೆ ಸಿಕ್ಕಿಬಿದ್ದಾಗ ಮಾತ್ರ, “ಪೆಟ್ಟಿಗೆಗೆ ಹಗ್ಗ ಸರಿ ಬಿಗಿದಿದ್ದೀರಾ? ಕೊಳವೆಗೆ ತಾಗುವುದು ಬೇಡ,” ಎಂದಳು.

ಮೆಲ್ಕಾರಿನಲ್ಲಿ ಹಸೈನಾರಾಕ ನಮ್ಮನ್ನು ಗೇಟಿನಲ್ಲಿಯೇ ಕಾಯುತ್ತಿದ್ದರು. ಕೊಳವೆ ಹಗುರ. ತುಕ್ರಪ್ಪನೊಬ್ಬನೇ ತಬ್ಬಿಕೊಂಡು ಮಹಡಿಗೆ ಹತ್ತಿಸಿದ. ಕಪ್ಪು ಬಟ್ಟೆ ಹೊದೆಸಿ ಮೂಲೆಯಲ್ಲಿ ನಿಲ್ಲಿಸಿದಾಗ ಶಬ್ನಾ ಸುತ್ತಲೂ ನೋಡಿ, “ಇದು ಆಗಬಹುದು,” ಎಂದರು. ಅಷ್ಟಕ್ಕೇ ಹಸೈನಾರಾಕನ ಮುಖ ಅರಳಿತು. ದೀಕ್ಷಿತಾ ವಯರ್ ಜೋಡಿಸಿ ಕಾಡಿನ ಚಿತ್ರವೊಂದನ್ನು ಹಾಕಿದಳು. ಆನೆಯ ಹಿಂಡು ನದಿಗೆ ಇಳಿಯುವ ಜಾಗ.

ಗಿರ್ರ್ ಎಂದು ಕರ್ಕಶವಾದ ಸದ್ದು ಕೋಣೆಯನ್ನೆಲ್ಲ ತುಂಬಿತು. ಆನೆಯಲ್ಲ, ಅಡಿಗೆ ಮನೆಯ ಮಿಕ್ಸಿ. ಹಸೈನಾರಾಕ ನನ್ನ ಮುಖ ನೋಡಿದರು. ನನಗೆ ನೆಲ ಬಿರಿದು ನುಂಗಬಾರದೇ ಎನಿಸಿತು.

“ತುಕ್ರಪ್ಪ, ಕೆಳಗಿನ ಪೆಟ್ಟಿಗೆ ತಾ,” ಎಂದೆ.

“ತರಬೇಡಿ,” ಎಂದಳು ದೀಕ್ಷಿತಾ. ಅವಳ ಸ್ವರ ಗಟ್ಟಿಯಾಗಿಯೇನೂ ಇರಲಿಲ್ಲ. ತುಕ್ರಪ್ಪ ಬಾಗಿಲಲ್ಲಿ ನಿಂತವನು ನಿಂತೇ ಬಿಟ್ಟ. ನಾನು ಹೇಳಿದ ಮೇಲೂ ಅವನು ನಿಂತದ್ದು ಅದೇ ಮೊದಲು.

ಅದೇ ಸದ್ದನ್ನು ಮತ್ತೆ ಮತ್ತೆ ಹಾಕುತ್ತಾ ಅವಳು ಕೋಣೆಯ ಸುತ್ತ ನಡೆದಳು. ಗೋಡೆಗೆ, ಕಿಟಕಿಗೆ, ಎ.ಸಿ.ಗೆ, ಬಾಗಿಲಿನ ಚಿಲಕಕ್ಕೆ ಅಂಗೈ ಇಟ್ಟು ನೋಡಿದಳು. ಶಬ್ನಾರ ಶೋಕೇಸಿನ ಗಾಜಿಗೆ ಕೈ ಇಟ್ಟಳು. ಗಿರ್ರ್ ಎನ್ನುವುದು ನಿಂತಿತು. ಕೈ ತೆಗೆದಳು. ಮತ್ತೆ ಗಿರ್ರ್.

“ಕೊಳವೆಯದ್ದಲ್ಲ. ನಿಮ್ಮ ಶಾರ್ಜಾದ ಚಹಾದ ಕಪ್ಪು-ಬಸಿಗಳು ಕುಣಿಯುವುದು,” ಎಂದು ನಕ್ಕಳು.

ಶಬ್ನಾ ತಾವೇ ಮುಂದೆ ಬಂದು ಕಪ್ಪುಗಳನ್ನೆಲ್ಲ ತೆಗೆದು ಪಕ್ಕದ ಕೋಣೆಯ ಹಾಸಿಗೆಯ ಮೇಲೆ ಇಟ್ಟರು. ದೀಕ್ಷಿತಾ ಗಾಜಿನ ಅಂಚಿಗೆ ಬಟ್ಟೆ ತುರುಕಿ, ಚಿತ್ರವನ್ನು ಹಿಂದಕ್ಕೆ ಓಡಿಸಿ, ಮೊದಲಿನಿಂದ ಹಾಕಿದಳು.

ಈ ಸಲ ಮೊದಲು ಕೇಳಿದ್ದು ಹಕ್ಕಿ, ಎಲೆ, ನೀರು. ಆಮೇಲೆ ನನ್ನ ಅಂಗಾಲಿಗೆ ಏನೋ ಬಂತು. ಕಿವಿಗೆ ಬರುವ ಮೊದಲೇ ಕಾಲಿಗೆ ಬಂತು, ಅಲ್ಲಿಂದ ಹೊಟ್ಟೆಗೆ. ಉಟ್ಟ ಪಂಚೆಯ ಅಂಚು ಗಾಳಿಯಿಲ್ಲದೆ ನಡುಗಿತು. ಆನೆ ಕಾಲಿಟ್ಟಿತು ಎಂದರೆ ಇಟ್ಟೇ ಇಟ್ಟಿತು. ಹಿಂದಿನಿಂದ ಮತ್ತೊಂದು. ಹಸೈನಾರಾಕ ಏನೋ ಹೇಳಲು ಹೊರಟವರು ಮರೆತು, ಕುರ್ಚಿಯ ಕೈ ಹಿಡಿದು ಕೂತರು. ಶಬ್ನಾ ಎದೆಯ ಮೇಲೆ ಕೈ ಇಟ್ಟುಕೊಂಡರು.

ನಾನು ಬದುಕಿಡೀ ಬಯಲಿಗೆ ಪೆಟ್ಟಿಗೆ ಮಾಡಿದವನು. ಬಯಲಿನಲ್ಲಿ ಆಳದ ಶಬ್ದ ಹೊರಟದ್ದು ಹಾಗೆಯೇ ಆಕಾಶ ಸೇರಿಬಿಡುತ್ತದೆ. ಕೋಣೆಯಲ್ಲಿ ಮೂಲೆಯ ಗೋಡೆಗಳೂ ನೆಲವೂ ಸೇರಿ ಅದನ್ನು ಹಿಡಿದು, ದೊಡ್ಡದು ಮಾಡಿ ವಾಪಸು ಕೊಡುತ್ತವೆ. ಗೋಡೆ ಎಂದರೆ ನನ್ನಂಥವನಿಗೆ ಶತ್ರು. ಅವಳು ಆ ಗೋಡೆಗಳನ್ನೇ ಕೆಲಸಕ್ಕೆ ಇಟ್ಟುಕೊಂಡಿದ್ದಳು. ರಟ್ಟು, ಗಮ್ಮು, ಚಪ್ಪರದ ಹರಕು ಬಟ್ಟೆ! ನನಗೆ ಹೆಮ್ಮೆಯಾಯಿತು ಎಂದರೆ ಕಡಿಮೆ ಹೇಳಿದ ಹಾಗೆ. ಕಣ್ಣಿಗೆ ನೀರು ಬಂತು. ಅದನ್ನು ಮುಚ್ಚಿಕೊಳ್ಳಲು ಯಾರಿಗಾದರೂ ಬೈಯಬೇಕಿತ್ತು, ಬೈಯುವಂಥದ್ದು ಏನೂ ಸಿಗಲಿಲ್ಲ.

“ಶೆಟ್ರೇ, ಮಗಳಿಗೆ ಎಲ್ಲಿ ಕಲಿಸಿದ್ದು?” ಎಂದರು ಹಸೈನಾರಾಕ.

“ಕಲಿಸಿದ್ದು ಎಲ್ಲಿಯಾದರೂ ಇರಲಿ. ಮಗಳು ನನ್ನದು,” ಎಂದೆ.

ಬಿರಿಯಾನಿ ಊಟ ಮಾಡಿಸದೆ ಅವರು ಬಿಡಲಿಲ್ಲ. ಕೆಳಗೆ ಬಂದಾಗ ಪಿಕಪ್ಪಿನಲ್ಲಿ ನನ್ನ ಪೆಟ್ಟಿಗೆ ಬಿಸಿಲಿನಲ್ಲಿ ಒಂದೇ ಕೂತಿತ್ತು. ತುಕ್ರಪ್ಪನಿಗೆ ತುಂಬೆಯಲ್ಲಿ ತಂಗಿಯ ಮನೆ. ಅವನು ಅಲ್ಲಿಗೆ ಹೋಗುವ ಬಸ್ಸು ಹತ್ತಿದ. ಉಳಿದವರು ನಾವಿಬ್ಬರೇ. ಅಂಗಡಿಯ ಮಾತು ಈಗ ಎತ್ತುತ್ತಾಳೆ, ಈಗ ಎತ್ತುತ್ತಾಳೆ ಎಂದು ಪಾಣೆಮಂಗಳೂರು ಸೇತುವೆ ದಾಟುವಾಗಲೂ ಕಾದೆ, ಬಿ.ಸಿ.ರೋಡಿನಲ್ಲಿಯೂ ಕಾದೆ. ಎತ್ತಲಿಲ್ಲ. ಪೈಪನ್ನು ಇನ್ನೂ ಬೆರಳಷ್ಟು ಕತ್ತರಿಸಬಹುದಿತ್ತು ಎಂದು ಹೇಳುತ್ತಿದ್ದಳು. ಅವಳಾಗಿ ನೆನಪಿಸುವುದಿಲ್ಲ ಎಂದು ಅರ್ಥವಾಯಿತು. ಆ ಹಠ ನನ್ನಿಂದಲೇ ಬಂದದ್ದು, ದೂರುವುದು ಯಾರನ್ನು?

ಬಂಟ್ವಾಳದಲ್ಲಿ ಬೆಳ್ತಂಗಡಿಗೆ ನೇರ ಹೋಗಬೇಕಾದವನು ಎಡಕ್ಕೆ, ಸಿದ್ಧಕಟ್ಟೆಯ ರಸ್ತೆಗೆ ತಿರುಗಿಸಿದೆ.

“ಇದು ಮೂಡುಬಿದಿರೆ ದಾರಿ ಪಪ್ಪ.”

“ನನಗೂ ಗೊತ್ತುಂಟು.”

ಅವಳು ಮಡಿಲಲ್ಲಿ ಕೈಗಳನ್ನು ಕಟ್ಟಿಕೊಂಡು ಕೂತಳು.

ಮೂಡುಬಿದಿರೆಯಲ್ಲಿ ಅಕ್ಕ ಮನೆಯ ಜಗಲಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದಳು. ನಾನು ಚಪ್ಪಲಿಯನ್ನೂ ಬಿಚ್ಚದೆ ಮೆಟ್ಟಿಲಿನ ಕೆಳಗೇ ನಿಂತೆ.

“ಅಕ್ಕ, ಅಂಗಡಿ ದೀಕ್ಷಿತಾಳಿಗೆ ಕೊಡ್ತೇನೆ.”

“ಮೊದಲು ನೀರು ಕುಡಿ.”

“ಕುಡಿಯುತ್ತೇನೆ. ಅಂಗಡಿ ದೀಕ್ಷಿತಾಳಿಗೆ.”

ಅಕ್ಕನ ಕೈಯಲ್ಲಿ ಹೂವು ನಿಂತಿತು. “ಅಳಿಯ ಇರುವಾಗ? ತರುಣನಿಗೆ ಎಂದು ನೀನೇ ಹೇಳಿದ್ದಲ್ಲವಾ ನಿತ್ಯಾ?”

“ಹೌದು, ಹೇಳಿದ್ದೆ. ತರುಣನಿಗೆ ಬೇರೆ ಎಂತ ಬೇಕಾದರೂ ಕೇಳು. ಅಂಗಡಿ ನಾನು ಕೊಡುವುದಲ್ಲ, ಅವಳು ದುಡಿದು ತೆಗೆದುಕೊಂಡದ್ದು. ನನ್ನ ಕೈಯಲ್ಲಿ ಆಗದ್ದನ್ನು ಇವತ್ತು ಮೆಲ್ಕಾರಿನಲ್ಲಿ ಮಾಡಿ ತೋರಿಸಿದ್ದಾಳೆ. ನನ್ನ ಮಗಳು ಎಂದು ಹೇಳುವುದಲ್ಲ...” ಎಂದು ನಿಲ್ಲಿಸಿದೆ. ಸುಳ್ಳು ಹೇಳುವುದು ಯಾಕೆ? “ನನ್ನ ಮಗಳು ಎಂದೇ ಹೇಳುವುದು!”

“ಹೆಣ್ಣು ಹುಡುಗಿ, ಊರೂರಿಗೆ ಪೆಟ್ಟಿಗೆ ಕೊಂಡುಹೋಗುವುದು...”

“ಆ ಮಾತು ನೀನು ಹೇಳಬೇಡ ಅಕ್ಕ. ಈ ಮನೆ ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ನಿನಗೆ ಬಂದದ್ದು. ಹೆಣ್ಣು ಎಂದು ಆಗ ಯಾರಾದರೂ ಹೇಳಿದರಾ?”

ಅಕ್ಕ ಕಟ್ಟುತ್ತಿದ್ದ ಮಲ್ಲಿಗೆಯನ್ನು ಪಕ್ಕಕ್ಕೆ ಇಟ್ಟಳು. ಅವಳಿಗೆ ನೋವಾಗಿತ್ತು, ಅದು ಮುಖದಲ್ಲಿ ಕಾಣುತ್ತಿತ್ತು. ಆದರೆ ನ್ಯಾಯ ತಪ್ಪುವ ಹೆಂಗಸಲ್ಲ. ಕೊನೆಗೆ ದೀಕ್ಷಿತಾಳನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಗಮ್ಮು ಹಿಡಿದ ಬೆರಳುಗಳನ್ನೂ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಹಾಗಾದರೆ ತರುಣನ ಮದುವೆಗೆ ಮೈಕ್ ಇಡುವುದು ಯಾರು?”

ನಾನು ಇಡುತ್ತೇನೆ ಎಂದು ಹೇಳಬೇಕೆನ್ನುವಷ್ಟರಲ್ಲಿ ನನ್ನ ಮಗಳು ಮೆಟ್ಟಿಲು ಹತ್ತಿ ಅಕ್ಕನ ಪಕ್ಕದಲ್ಲಿ ಕೂತಿದ್ದಳು. ನಮ್ಮಲ್ಲಿ ತಂದೆಯ ಅಕ್ಕನನ್ನು ಮಾಮಿ ಎನ್ನುತ್ತಾರೆ.

“ತಾರೀಕು ಹೇಳಿ ಮಾಮಿ. ಮೇ ತಿಂಗಳು ನಮಗೆ ಬುಕಿಂಗ್ ಜಾಸ್ತಿ. ಆದರೆ ತರುಣಣ್ಣನ ಮದುವೆಗೆ ನಾನೇ ಬಂದು ನಿಲ್ತೇನೆ.”

ಅಕ್ಕ ತಾರೀಕು ಹೇಳಿದಳು. ನನ್ನ ಕಡೆ ನೋಡಿ ಅಲ್ಲ, ಅವಳ ಕಡೆ ನೋಡಿ.