ಚಾವಡಿ ಗೋಡೆಯ ಹೊಳೆ

"ಹೊಳಿ ಕಪ್ಪ ಬರಿಯಾಕ ಬರಂಗಿಲ್ರಿ," ಎಂದಳು ಗುರುಬಸವ್ವ, ಬಣ್ಣದ ಕಡ್ಡಿಯನ್ನು ಗಡಿಗೆಯ ಅಂಚಿಗೆ ಒರೆಸುತ್ತ. "ಕಪ್ಪ ಬರದ್ರ ಅದು ಹೊಳಿ ಅಂತ ಯಾರಿಗೂ ಗುರ್ತ ಸಿಗಂಗಿಲ್ಲ."

ಚಾವಡಿಯ ಕಟ್ಟೆಯ ಮೇಲೆ ಕುಳಿತಿದ್ದ ಕಂಪೌಂಡರ್ ದತ್ತಾತ್ರೇಯ ಟೋಪಿ ತೆಗೆದು ಬೆವರು ಒರೆಸಿಕೊಂಡ. ಕೆಟ್ಟ ನೀರು ಎಂದರೆ ಕಪ್ಪಾಗಿಯೇ ಇರಬೇಕೆಂದು ಅವನು ಎಣಿಸಿದ್ದ. ವಾದಿಸುವ ತ್ರಾಣ ಅವನಲ್ಲಿ ಉಳಿದಿರಲಿಲ್ಲ. ನಿಮಗೆ ಹೇಗೆ ತೋರುತ್ತದೋ ಹಾಗೆ ಬರೆಯಿರಿ, ಜನಕ್ಕೆ ತಿಳಿದರೆ ಸಾಕು ಎಂದ.

ಜಮಖಂಡಿಯ ಸಂಸ್ಥಾನದ ದವಾಖಾನೆಯಿಂದ ಅವನು ಕೃಷ್ಣೆಯ ದಂಡೆಯ ಈ ಹಳ್ಳಿಗೆ ಬಂದು ಮೂರು ದಿನವಾಗಿತ್ತು. ಬಂದ ದಿನವೇ ಚಾವಡಿಯ ಬಾಗಿಲಿಗೆ ಮರಾಠಿಯಲ್ಲಿ ಅಚ್ಚಾದ ಕಾಗದವೊಂದನ್ನು ಅಂಟಿಸಿದ್ದ. ಕಾಲರಾ ನೀರಿನಿಂದ ಹರಡುತ್ತದೆ, ಕುದಿಸಿ ಕುಡಿಯಿರಿ ಎಂದು ಅದರಲ್ಲಿತ್ತು. ಊರಲ್ಲಿ ಮರಾಠಿ ಓದಬಲ್ಲವನು ಕುಲಕರ್ಣಿ ಒಬ್ಬ. ಅವನು ರೋಗದ ಸುದ್ದಿ ಕೇಳಿದ್ದೇ ಹೆಂಡತಿ ಮಕ್ಕಳನ್ನು ಗಾಡಿಗೆ ಹತ್ತಿಸಿಕೊಂಡು ಮುಧೋಳಕ್ಕೆ ಹೋಗಿಬಿಟ್ಟಿದ್ದ. ಎರಡನೆಯ ದಿನ ಕಂಪೌಂಡರ್ ಮನೆಮನೆಗೆ ಹೋಗಿ ಬಾಯಿಂದಲೇ ಹೇಳಿದ. ಹೆಂಗಸರು ತಲೆಯಾಡಿಸಿ, ಕೊಡ ಎತ್ತಿಕೊಂಡು ಮತ್ತೆ ಹೊಳೆಗೇ ಹೋದರು. ಊರಮ್ಮ ಮುನಿದಿದ್ದಾಳೆ, ಪಾಪ ನೀರೇನು ಮಾಡೀತು ಎಂಬುದು ಅವರ ನಂಬಿಕೆ. ಒಂಬತ್ತು ದಿನದಲ್ಲಿ ಏಳು ಹೆಣ ಹೊರಬಿದ್ದಿದ್ದವು.

ಹರಿಯುವ ಹೊಳೆಗೆ ಔಷಧ ಹಾಕಲಾಗದು, ಭಾವಿಗಾದರೆ ಹಾಕಬಹುದು. ಊರಿನಲ್ಲಿದ್ದ ಸಿಹಿನೀರಿನ ಭಾವಿ ಒಂದೇ, ಶಿದ್ರಾಮಪ್ಪಗೌಡರ ತೋಟದ್ದು. ಅದನ್ನು ಊರಿಗೆ ಬಿಟ್ಟುಕೊಡಿ ಎಂದು ಕೇಳಲು ದತ್ತಾತ್ರೇಯ ಅವರ ಮನೆಗೆ ಹೋಗಿದ್ದ. ಗೌಡರು ಚಹಾ ಕುಡಿಸಿ, ಆಗದು ಎಂದು ಮೆಲ್ಲಗೆ ಹೇಳಿ ಕಳಿಸಿದ್ದರು. ಆದರೆ ಅಲ್ಲಿ ಅವನ ಕಣ್ಣು ಮಗಳ ಮದುವೆಗೆಂದು ಬರೆಸಿದ್ದ ಗೋಡೆಯ ಮೇಲೆ ಬಿದ್ದಿತ್ತು. ಕೆಲಸದಾಳುಗಳ ಮಕ್ಕಳು ಅದರ ಮುಂದೆ ನಿಂತು, ಇದು ಇಂಥವರ ಎತ್ತು, ಇದು ಇಂಥವಳ ಸೀರೆ ಎಂದು ಬೆರಳಿಟ್ಟು ಓದುತ್ತಿದ್ದವು. ಬರೆದವರು ಯಾರೆಂದು ವಿಚಾರಿಸಿ ಅವನು ಗುರುಬಸವ್ವನ ಮನೆ ಹುಡುಕಿಕೊಂಡು ಹೋಗಿ, ಕಾಗದದ ಮಾತನ್ನು ಚಾವಡಿಯ ಗೋಡೆಗೆ ಚಿತ್ರ ಮಾಡಿ ಬರೆಯಿರಿ ಎಂದು ಕೇಳಿದ್ದ.

ಮದುವೆ ಮನೆಗಳ ಗೋಡೆ ಬರೆಯುವುದರಲ್ಲಿ ಗುರುಬಸವ್ವನಿಗೆ ಮೂವತ್ತು ವರ್ಷ ಕಳೆದಿದ್ದವು. ಗಂಡ ಸತ್ತ ಮೇಲೆ ಮದುವೆಯ ಬೇರಾವ ಕೆಲಸಕ್ಕೂ ಅವಳನ್ನು ಕರೆಯುತ್ತಿರಲಿಲ್ಲ, ಗೋಡೆಗೆ ಮಾತ್ರ ಅವಳೇ ಬೇಕು. ಸುಣ್ಣದ ಬಿಳಿ, ಕೆಮ್ಮಣ್ಣಿನ ಕೆಂಪು, ಅರಿಸಿನ, ಇದ್ದಿಲು, ಬಟ್ಟೆಗೆ ಹಾಕುವ ನೀಲಿ, ಅವರೆ ಎಲೆಯ ಹಸಿರು. ಇಷ್ಟರಲ್ಲೇ ಅವಳು ಒಂದು ಮನೆತನದ ಕತೆಯನ್ನೆಲ್ಲ ಹೇಳಿಬಿಡುತ್ತಿದ್ದಳು. ಅವಳ ಗೋಡೆಯ ಮನುಷ್ಯರಿಗೆಲ್ಲ ಒಂದೇ ಮುಖ. ಗುರುತು ಹಿಡಿಯಬೇಕಾದರೆ ಸೀರೆಯ ಅಂಚಿನ ದಡಿ ನೋಡಬೇಕು, ಸೆರಗಿನ ಪಟ್ಟಿ ಎಣಿಸಬೇಕು, ತಲೆಗೆ ಸುತ್ತಿದ ಪಟಗದ ಬಣ್ಣ ನೋಡಬೇಕು. ಯಾವ ಮನೆಯವರು ಯಾವ ದಡಿಯ ಸೀರೆ ಉಡುತ್ತಾರೆಂಬುದು ಊರಿಗೆಲ್ಲ ಬಾಯಿಪಾಠ.

ಬೆಳಿಗ್ಗೆ ಚಾವಡಿಯ ಗೋಡೆಗೆ ಸುಣ್ಣ ಬಳಿದು ಒಣಗಿಸಿ, ಅವಳು ಈಗ ಹೊಳೆ ಬರೆಯತೊಡಗಿದ್ದಳು. ನೀಲಿಯ ಮೇಲೆ ಮೀನಿನ ಪೊರೆಯ ಹಾಗೆ ಬಿಳಿ ಬಳುಕು. ಕೆಳಗಿನ ದಂಡೆಯಲ್ಲಿ ಕೊಡ ಹಿಡಿದ ಹೆಂಗಸರು. ರೋಗವನ್ನು ಇರುವೆಯ ಸಾಲಿನ ಹಾಗೆ ಕೆಂಪು ಚುಕ್ಕೆಗಳಲ್ಲಿ ಇಟ್ಟಳು. ಹೊಳೆಯಲ್ಲಿ ಬರುವ ಚುಕ್ಕೆಗಳು ಕೊಡ ಹೊಕ್ಕು, ಮನೆ ಹೊಕ್ಕು, ಮಲಗಿದವರ ಬಾಯಿ ಹೊಕ್ಕವು. ಒಲೆಯ ಮೇಲೆ ನೀರಿನ ಗಡಿಗೆ ಕುದಿಯುತ್ತಿದ್ದ ಮನೆಯಲ್ಲಿ ಚುಕ್ಕೆಗಳಿಲ್ಲ.

ದತ್ತಾತ್ರೇಯ ಎದ್ದು ಬಂದು ನೋಡಿದ. ಮೊದಲ ಬಾರಿಗೆ ಅವನ ಮುಖ ಸಡಿಲವಾಯಿತು. ಆಮೇಲೆ ಚುಕ್ಕೆಗಳ ಸಾಲನ್ನು ಬೆರಳಿನಿಂದ ಹಿಂದಕ್ಕೆ ಹಿಂಬಾಲಿಸುತ್ತ ಹೋದ. ಅದು ಗೋಡೆಯ ಎಡತುದಿಯ ಬಿಳಿಯಲ್ಲಿ ಸುಮ್ಮನೆ ನಿಂತುಬಿಟ್ಟಿತ್ತು.

"ಇದು ಎಲ್ಲಿಂದ ಸುರು ಆತು ಅನ್ನೂದು ಇಲ್ಲಲ್ರಿ ಅವ್ವಾರ," ಎಂದ. "ಬುಡಾ ಇಲ್ಲಂದ್ರ ಜನಾ ಮತ್ತ ದೇವೀದ ಅಂತಾರ."

ಬುಡ ಹೇಗಿರುತ್ತದೆ ಎಂದು ಅವಳು ಕೇಳಿದಳು. ರೋಗಿಯ ಬಟ್ಟೆಯನ್ನೋ ಹಾಸಿಗೆಯನ್ನೋ ಮೇಲುಹೊಳೆಯಲ್ಲಿ ಯಾರೋ ಒಗೆದಿರಬೇಕು, ಬೇಸಿಗೆಯಲ್ಲಿ ಹೊಳೆ ಬತ್ತಿ ನೀರು ಮಡುಗಟ್ಟಿದಾಗ ಅಷ್ಟೇ ಸಾಕು ಎಂದ ಅವನು. ಹೊರಗಿನಿಂದ ಯಾರಾದರೂ ಕಾಯಿಲೆ ಬಿದ್ದು ಬಂದಿದ್ದರೇ ಎಂದು ಕೇಳಿದ.

ಗುರುಬಸವ್ವ ಕಡ್ಡಿಯನ್ನು ಕೆಳಗಿಟ್ಟಳು. ಗೋಡೆಯ ಬುಡದಲ್ಲೇ ಕುಳಿತುಬಿಟ್ಟಳು.

ಹನ್ನೆರಡು ದಿನದ ಹಿಂದೆ ಅವಳು ಗೌಡರ ಪಡಸಾಲೆಯಲ್ಲಿ ಮದುವೆಯ ಗೋಡೆ ಬರೆಯುತ್ತಿದ್ದಳು. ಮಿರಜಿನ ನೆಂಟರ ಮನೆಗೆ ಹೋಗಿ ಬಂದಿದ್ದ ಗೌಡರ ತಾಯಿ ಒಳಕೋಣೆಯಲ್ಲಿ ವಾಂತಿ ಮಾಡಿಕೊಳ್ಳುವ ಸದ್ದು ಕೇಳಿಸುತ್ತಿತ್ತು. ಮರುದಿನ ಹೊತ್ತೇರುವುದರೊಳಗೆ ಮುದುಕಿ ತೀರಿಕೊಂಡಳು. ಅವಸರದಲ್ಲಿ ಅಂದೇ ಮಣ್ಣು ಮಾಡಿದರು. ಗೌಡರು ಗುರುಬಸವ್ವನನ್ನು ಬದಿಗೆ ಕರೆದು, ಮುದುಕಿ ವಯಸ್ಸಾಗಿ ಹೋದಳು, ನೀನು ಬೇರೇನೂ ನೋಡಿಲ್ಲ, ಲೋಕಾಪುರದ ಬೀಗರ ಕಿವಿಗೆ ಬಿದ್ದರೆ ಮಗಳು ನಿಂಬೆವ್ವನ ಮದುವೆ ಮುರಿಯುತ್ತದೆ ಎಂದಿದ್ದರು. ನಿಂಬೆವ್ವ ಅವಳ ಕಣ್ಣೆದುರೇ ಬೆಳೆದ ಹುಡುಗಿ. ಹೂಂ ಎಂದಿದ್ದಳು. ಆಗ ಅದು ದೊಡ್ಡ ಮಾತೆನಿಸಿರಲಿಲ್ಲ.

ಅವತ್ತೇ ಗೌಡರ ಮನೆಯಲ್ಲಿ ಕಸಮುಸುರೆ ಮಾಡುತ್ತಿದ್ದ ಬಾಳವ್ವ, ತಳವಾರ ರಾಚಪ್ಪನ ಹೆಂಡತಿ, ಮುದುಕಿ ಹಾಸಿ ಮಲಗಿದ್ದ ತೇಪೆಯ ಕೌದಿಯನ್ನು ತಲೆಯ ಮೇಲೆ ಹೊತ್ತು ಹಿತ್ತಿಲ ಬಾಗಿಲಿಂದ ಹೊರಟಿದ್ದಳು. ಯಾರೂ ಇಲ್ಲದ ಕಡೆ ಒಗೆದು ಬಾ ಎಂದು ಗೌಡತಿ ಹೇಳಿದ್ದಾರೆ, ಹುಣಸೆಬನದ ಹಿಂದೆ ಮೇಲುಹೊಳೆಯ ಮಡುವಿಗೆ ಹೋಗುತ್ತೇನೆ ಎಂದಿದ್ದಳು. ಮೂರನೆಯ ದಿನ ರೋಗದ ಮೊದಲ ಹೆಣವೆಂದು ಊರು ಎಣಿಸಿದ್ದು ಅವಳದೇ. ಸಾಯುವ ಮುಂಚೆ ನೀರು ನೀರು ಎಂದಾಗ ಗುರುಬಸವ್ವನೇ ತನ್ನ ಕೈಯಾರೆ ಹೊಳೆಯ ನೀರು ಕುಡಿಸಿದ್ದಳು.

ಬಿಸಿಲು ಚಾವಡಿಯ ಮೆಟ್ಟಿಲ ತನಕ ಬಂದಿತ್ತು. ಗುರುಬಸವ್ವ ಎದ್ದು ಕೆಂಪು ಕಡ್ಡಿ ಕೈಗೆ ತೆಗೆದುಕೊಂಡಳು. ಅದನ್ನು ಕೆಳಗಿಟ್ಟು ಹಳದಿಯದನ್ನು ತೆಗೆದಳು. ಬರಿಯ ಕೌದಿ ಒಗೆಯುವವಳನ್ನು ಬರೆದುಬಿಟ್ಟರೆ ತಪ್ಪೆಲ್ಲ ಸತ್ತ ಬಾಳವ್ವನ ತಲೆಗೆ ಬರುತ್ತದೆ. ರಾಚಪ್ಪನ ಮನೆಗೆ ಊರು ಕಲ್ಲು ಹೊಡೆದೀತು. ಆದ್ದರಿಂದ ಅವಳು ಮೊದಲು ಬಾಗಿಲು ಬರೆದಳು. ದೊಡ್ಡ ಚೌಕಟ್ಟು, ಅದರ ತುಂಬ ಸಾಲಿಗೆ ಏಳರಂತೆ ಹಳದಿ ಗುಬ್ಬಿಮೊಳೆ. ಹಿತ್ತಾಳೆ ಗುಬ್ಬಿ ಬಡಿದ ಬಾಗಿಲು ಊರಲ್ಲಿ ಒಂದೇ, ಗೌಡರದು. ಬಾಗಿಲಿಂದ ಹೊರಬಂದ ಬಳೆಯ ಕೈ, ಆ ಕೈಯಿಂದ ಇಳಿಯುತ್ತಿರುವ ಕೌದಿ. ಕೌದಿಯ ನಡುವೆ ಮುಕ್ಕೋನ ತೇಪೆಗಳ ಸೂರ್ಯ, ಸುತ್ತ ಹಸಿರು ಕೆಂಪು ಚೌಕಗಳು, ಕಪ್ಪು ಅಂಚು. ಮೂವತ್ತು ವರ್ಷ ಗೌಡರ ತಾಯಿ ಅದನ್ನು ಹಾಸಿಕೊಂಡು ಕಟ್ಟೆಯ ಮೇಲೆ ಕುಳಿತದ್ದನ್ನು ನೋಡದ ಕೂಸು ಊರಲ್ಲಿರಲಿಲ್ಲ. ಕೊನೆಗೆ ಮಡುವಿನ ದಂಡೆಯಲ್ಲಿ ಬಾಗಿದ ಹೆಂಗಸು, ನೀಲಿ ಸೀರೆ, ಕೆಂಪು ಚೌಕಳಿ. ಕೌದಿಯಿಂದ ಮೊದಲ ಕೆಂಪು ಚುಕ್ಕೆ ಹೊಳೆಗೆ ಇಳಿಯಿತು.

ಹಿಂದೆ ಜನ ಸೇರಿದ್ದು ಅವಳಿಗೆ ಗೊತ್ತಾದದ್ದು ಅವರು ಮಾತು ನಿಲ್ಲಿಸಿದಾಗ. ಹೊಳೆಯಿಂದ ಬರುತ್ತಿದ್ದ ಹೆಂಗಸರು ತುಂಬಿದ ಕೊಡ ಹೊತ್ತೇ ನಿಂತಿದ್ದರು. ಯಾರೋ ಒಬ್ಬಳು ಸಣ್ಣ ದನಿಯಲ್ಲಿ ಬಾಗಿಲು, ಕೌದಿ, ಬಾಳವ್ವ ಎಂದು ಒಂದೊಂದನ್ನೇ ಹೇಳುತ್ತ ಹೋದಳು. ದತ್ತಾತ್ರೇಯ ಗೋಡೆಯನ್ನೂ ಜನರನ್ನೂ ನೋಡಿ, ಏನೋ ಆಗಿದೆ ಎಂಬುದಷ್ಟೇ ತಿಳಿದುಕೊಂಡ.

ಗೌಡರು ಬಂದರು. ಜನ ದಾರಿ ಬಿಟ್ಟರು. ಗೋಡೆಯ ಬಲತುದಿಯಿಂದ ಎಡತುದಿಯವರೆಗೆ ಅವರು ನಿಧಾನವಾಗಿ ನೋಡಿದರು. ಬಾಗಿಲ ಮುಂದೆ ಅವರ ಕಣ್ಣು ನಿಂತಿತು.

"ಯಾರ ಹೇಳ್ಯಾರ ಇದನ್ನ ಬರಿ ಅಂತ?"

"ಯಾರೂ ಹೇಳಿಲ್ರಿ. ನಾ ನೋಡಿದ್ದ ಬರದೇನ್ರಿ."

"ಎಂಟ ದಿನಕ್ಕ ನನ್ನ ಮಗಳ ಮದಿವಿ ಐತಿ. ಗೊತ್ತಿಲ್ಲೇನ ನಿನಗ?"

"ಗೊತ್ತೈತ್ರಿ. ಆಕಿ ಗ್ವಾಡಿನೂ ನಾನ ಬರದೇನಲ್ರಿ," ಎಂದಳು ಗುರುಬಸವ್ವ. ಕೈಯಲ್ಲಿದ್ದ ಕಡ್ಡಿಯನ್ನು ಸೆರಗಿಗೆ ಒರೆಸಿಕೊಂಡಳು.

ಗೌಡರು ದನಿ ಏರಿಸಲಿಲ್ಲ. ಬೆಳಿಗ್ಗೆ ಉಳಿದ ಸುಣ್ಣದ ಬಕೆಟ್ಟು ಗೋಡೆಯ ಬುಡದಲ್ಲೇ ಇತ್ತು. ಅದನ್ನು ತೋರಿಸಿ, ಗೋಡೆಯನ್ನೆಲ್ಲ ಬಳಿದುಬಿಡು ಎಂದು ರಾಚಪ್ಪನಿಗೆ ಹೇಳಿದರು. ರಾಚಪ್ಪ ಜನರ ನಡುವಿನಿಂದ ಬಂದ. ಹೇಳಿದ ಕೆಲಸಕ್ಕೆ ಇಲ್ಲ ಎನ್ನುವ ಅಭ್ಯಾಸ ಅವನಿಗಿರಲಿಲ್ಲ. ಬಕೆಟ್ಟು ಎತ್ತಿ, ಕುಂಚ ಅದ್ದಿ, ಗೋಡೆಯ ಹತ್ತಿರ ಹೋದ. ಅಲ್ಲಿ ನಿಂತ. ಸುಣ್ಣ ಅವನ ಮೊಣಕೈಯಿಂದ ಇಳಿದು ಪಾದದ ಮೇಲೆ ಹನಿಯುತ್ತಿತ್ತು.

"ಇದು ನನ್ನ ಹೇಣ್ತಿ ಸೀರಿ," ಎಂದ. ಆಮೇಲೆ ಗೌಡರ ಕಡೆ ತಿರುಗಿದ. "ಆಕಿಗೆ ಯಾಕ ಹೇಳ್ಲಿಲ್ರಿ ಗೌಡ್ರ? ಕೌದಿ ಕೊಡೂಮುಂದ ಒಂದ ಮಾತ ಹೇಳಬಾರದಿತ್ತೇನ್ರಿ?"

ರಾಚಪ್ಪ ಕುಂಚವನ್ನು ಬಕೆಟ್ಟಿನಲ್ಲಿಟ್ಟು, ಬಕೆಟ್ಟನ್ನು ಅವರ ಮುಂದೆ ಇಳಿಸಿ, ದೂರ ಹೋಗಿ ನಿಂತ.

ಇಡೀ ಊರು ನೋಡುತ್ತಿತ್ತು. ಗೌಡರು ತಾವೇ ಬಾಗಿ ಕುಂಚ ಎತ್ತಿಕೊಂಡರು. ಒಮ್ಮೆ ಬಳಿದರು, ಎರಡು ಸಲ ಬಳಿದರು. ಹಿತ್ತಾಳೆ ಗುಬ್ಬಿಯ ಬಾಗಿಲು ಹೋಯಿತು, ಬಳೆಯ ಕೈ ಹೋಯಿತು. ಅಷ್ಟಕ್ಕೆ ಅವರ ಕೈ ನಿಂತಿತು. ಹೊಳೆ, ಕೌದಿ, ಬಾಗಿದ ಬಾಳವ್ವ, ಕೆಂಪು ಚುಕ್ಕೆಗಳು ಎಲ್ಲ ಹಾಗೇ ಉಳಿದವು.

"ಹಂಗಾರ ಖರೇನ ಅದು," ಎಂದಳು ಮುಂದೆ ನಿಂತಿದ್ದ ಮುದುಕಿಯೊಬ್ಬಳು.

ಅವಳು ತಲೆಯ ಮೇಲಿನ ಕೊಡ ಇಳಿಸಿ ಚಾವಡಿಯ ಮುಂದೆಯೇ ಬಗ್ಗಿಸಿದಳು. ಪಕ್ಕದವಳೂ ಬಗ್ಗಿಸಿದಳು. ಒಬ್ಬೊಬ್ಬರಾಗಿ ಎಲ್ಲರೂ ಬಗ್ಗಿಸಿದರು. ಯಾರೂ ಒಂದು ಬೈಗುಳವನ್ನೂ ಆಡಲಿಲ್ಲ. ನೀರು ಧೂಳಿನಲ್ಲಿ ಕೆಸರಾಗಿ ಗೌಡರ ಕೆರವಿನ ಕೆಳಗೆ ಹರಿಯಿತು.

"ಭಾವಿಗೆ ಔಷಧಾ ಹಾಕಲೇನ್ರಿ ಗೌಡ್ರ?" ಎಂದು ದತ್ತಾತ್ರೇಯ ಕೇಳಿದ.

ಗೌಡರು ಕುಂಚವನ್ನು ಕೈಯಲ್ಲೇ ಹಿಡಿದುಕೊಂಡು ಮನೆಯ ಕಡೆ ನಡೆದರು. ಮರುದಿನ ಬೆಳಿಗ್ಗೆ ತೋಟದ ಬೇಲಿಯ ಬಾಗಿಲು ತೆರೆದಿತ್ತು. ಕಂಪೌಂಡರ್ ಭಾವಿಗೆ ಔಷಧದ ಕೆಂಪು ಪುಡಿ ಹಾಕಿದ. ಭಾವಿಯ ನೀರು ಒಂದು ಹೊತ್ತು ಗುಲಾಬಿ ಬಣ್ಣವಾಗಿ ಆಮೇಲೆ ತಿಳಿಯಾಯಿತು. ಆ ವಾರ ಮತ್ತೆ ಇಬ್ಬರು ಸತ್ತರು. ಅಲ್ಲಿಗೆ ನಿಂತಿತು. ದತ್ತಾತ್ರೇಯ ಹೊಳೆಯ ಕೆಳಗಿನ ಗಲಗಲಿ ಊರಿಗೆ ನೀರಿನ ಎಚ್ಚರಿಕೆ ಹೇಳಿ ಕಳಿಸಿ, ತನ್ನ ಪೆಟ್ಟಿಗೆಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಜಮಖಂಡಿಗೆ ಹೋದ. ಲೋಕಾಪುರದಿಂದ ಇಬ್ಬರು ಹಿರಿಯರು ಬಂದು, ಜಗುಲಿಯಲ್ಲೇ ಕುಳಿತು, ನೀರು ಕೂಡ ಮುಟ್ಟದೆ ಮದುವೆಯ ಮಾತು ಮುರಿದುಕೊಂಡು ಹೋದರು.

ಆ ಸುದ್ದಿ ಕೇಳಿದ ಮೇಲೆ ಗುರುಬಸವ್ವ ತೋಟದ ಕಡೆ ಹೋಗಲಿಲ್ಲ. ನೆರೆಮನೆಯವಳ ಕೈಯಲ್ಲಿ ಕೊಡ ಕಳಿಸಿ ತರಿಸಿಕೊಳ್ಳುತ್ತಿದ್ದಳು. ಒಂದು ದಿನ ನೆರೆಯವಳು ತವರಿಗೆ ಹೋದಳು. ನೀರು ಇಲ್ಲದೆ ತೀರದು. ಹೊತ್ತು ಇಳಿದು ಜನ ತೆಳುವಾಗುವುದನ್ನು ಕಾದು ಅವಳು ಹೊರಟಳು.

ಭಾವಿಯ ಹತ್ತಿರ ನಿಂಬೆವ್ವ ಒಬ್ಬಳೇ ಇದ್ದಳು. ಒಂದೇ ಹಗ್ಗ ಬಳಸಿ ಎಂದು ಕಂಪೌಂಡರ್ ಹೇಳಿ ಹೋಗಿದ್ದರಿಂದ ಊರವರು ಭಾವಿಗೆ ತಮ್ಮ ಹಗ್ಗ ಬಿಡುವಂತಿರಲಿಲ್ಲ. ಸೇದಿ ಹಾಕುವುದು ಮನೆಯವರ ಪಾಲಿಗೆ ಬಂದಿತ್ತು, ಬಾಳವ್ವ ಹೋದ ಮೇಲೆ ಮನೆಯಲ್ಲಿ ಆಳು ನಿಲ್ಲುತ್ತಿರಲಿಲ್ಲ. ಹುಡುಗಿಯ ಅಂಗೈ ಹಗ್ಗ ಉಜ್ಜಿ ಕೆಂಪಾಗಿತ್ತು. ಗುರುಬಸವ್ವನನ್ನು ಕಂಡು ಅವಳ ಕೈ ಅರೆಕ್ಷಣ ನಿಂತಿತು. ಗುರುಬಸವ್ವ ಕೊಡವನ್ನು ಕಲ್ಲಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು.

ನಿಂಬೆವ್ವ ಮುಖ ಎತ್ತಿ ನೋಡಲಿಲ್ಲ. ಸೇದಿದಳು, ಹಾಕಿದಳು, ಮತ್ತೆ ಸೇದಿದಳು. ಕೊಡ ಕಂಠದವರೆಗೆ ತುಂಬಿ, ತುಳುಕಿ, ಕಲ್ಲಿನ ಮೇಲೆ ಹರಿದರೂ ಅವಳು ಮೂರನೆಯ ಬಾರಿ ಹಗ್ಗ ಇಳಿಬಿಟ್ಟಳು. ಸಾಕು ಎನ್ನುವ ಹಕ್ಕು ತನಗಿಲ್ಲವೆಂದು ಗುರುಬಸವ್ವ ಕೊಡ ಎತ್ತಲಿಲ್ಲ. ಒದ್ದೆ ಕಲ್ಲಿನ ಆಚೆ ಈಚೆ ಇಬ್ಬರೂ ನಿಂತಿದ್ದರು, ಭಾವಿಯ ಗಾಲಿ ಕಿರುಗುಡುತ್ತ ಹಗ್ಗ ಕೆಳಗೆ ಇಳಿಯುತ್ತಲೇ ಇತ್ತು.