ಕಪ್ಪು ದಾರದ ಕಾಯಿ

"ಉಳಿ ಹಿಡೀಲಿ ಅಂತ ಕರ್ಕೊಂಡ್ ಬಂದೆ, ಇವನು ಹೂವಿಗೆ ಸೂಲಗಿತ್ತಿ ಆಗಿ ಕೂತಿದಾನೆ ನೋಡ್ರಪ್ಪ," ಎಂದ ಮಾವ, ಮರಗೆಲಸದ ಅಂಗಡಿಯ ತುಂಬ ಗಿರಾಕಿಗಳಿರುವಾಗಲೇ. ಬಾಗಿಲಿನ ಅಳತೆ ಕೊಡಲು ಬಂದಿದ್ದ ಕಂಟ್ರಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕ. ಅಳಿಯನ ಕಿವಿ ಕೆಂಪಾಯಿತು. ಕೈಯಲ್ಲಿದ್ದ ಕೊಡತಿಯನ್ನು ಯಾರ ಕಡೆ ಎಸೆಯಲಿ ಅಂತ ಒಂದು ಗಳಿಗೆ ನೋಡಿ, ಕೊನೆಗೆ ಉಳಿಯ ತಲೆಗೇ ಬಿಗಿದ. ಮರ ಬೇಕಾದ್ದಕ್ಕಿಂತ ಆಳ ಸೀಳಿತು.

ಜಗಳವಿದ್ದದ್ದು ಅಂಗಡಿಯ ಹಿಂದಿನ ಪಾಳು ಜಾಗದ ಬಗ್ಗೆ. ಯಾರೂ ಬಿತ್ತದೆ, ನೀರು ಹಾಕದೆ ಅಲ್ಲಿ ಪ್ರತಿ ವರ್ಷ ನೇರಳೆ ಹೂವಿನ ಕಾಡುಗಿಡ ಮೊಣಕಾಲೆತ್ತರ ಏಳುತ್ತಿತ್ತು. ಅತ್ತೆ ಹಿತ್ತಲ ಮೆಟ್ಟಿಲ ಮೇಲೆ ಕೂತು ಅದನ್ನು ನೋಡುತ್ತ ಟೀ ಕುಡಿದರೇ ಅವಳಿಗೆ ಬೆಳಗಾಗುತ್ತಿದ್ದದ್ದು. ಹೋದ ವರ್ಷ ಮಾವ ಶೆಡ್ಡಿನ ತೊಲೆಗಳಲ್ಲಿ ಕರೀ ದುಂಬಿ ಕೊರೆದ ತೂತುಗಳಿಗೆಲ್ಲ ಗೋಂದು, ಮರದ ಹೊಟ್ಟು ಕಲಸಿ ಮೆತ್ತಿದ. ನಾವು ಕೊರೆದರೆ ಕೂಲಿ, ಇದು ಪುಕ್ಕಟೆ ಕೊರೆಯುತ್ತಲ್ಲ ಎಂಬುದು ಅವನ ಸಿಟ್ಟು. ಈ ವರ್ಷ ಗಿಡ ಎದ್ದದ್ದು ಬೋಳುತಲೆಯ ಕೂದಲಿನ ಹಾಗೆ, ಅಲ್ಲೊಂದು ಇಲ್ಲೊಂದು.

ದುಂಬಿ ಹೋದದ್ದಕ್ಕೇ ಬೀಜ ಕಟ್ಟಲಿಲ್ಲ ಅಂತ ಅಳಿಯ. ಜೇನುನೊಣ, ಚಿಟ್ಟೆ ಸಂತೆ ನೆರೆದ ಹಾಗೆ ಬರುತ್ತವಲ್ಲ, ಅವೇನು ಕತ್ತೆ ಕಾಯ್ತವಾ ಅಂತ ಮಾವ. ಹಿಂದುಗಡೆ ಒಂದೆರಡು ದುಂಬಿ ಇನ್ನೂ ಇದ್ದ ತೂತಿನ ತೊಲೆಯೊಂದು ಉಳಿದಿತ್ತು. ಮಾವ ಅದಕ್ಕೂ ಗೋಂದು ಕಲಸಲು ಹೊರಟಿದ್ದ. ಅತ್ತೆ ಡಬ್ಬಿ ಕಿತ್ತಿಟ್ಟುಕೊಂಡು, ಕಾಯಿ ಬಲಿಯುವ ತನಕ ಮುಟ್ಟಕೂಡದು ಅಂದಳು. ದುಂಬಿಯಿಂದಲೇ ಬೀಜ ಅಂತ ತೋರಿಸಲಾಗದೆ ಸೋತರೆ ಅಳಿಯನೇ ತನ್ನ ಕೈಯಾರೆ ಮೆತ್ತಬೇಕು ಅಂತ ಮಾತಾಯಿತು.

ಅಳಿಯ ಹಳೇ ಪರದೆ ಹರಿದು ಮೊಗ್ಗುಗಳಿಗೆ ಚೀಲ ಕಟ್ಟಿದ. ಕೆಲಸದ ನಡುವೆ ಬಿಡುವಾದಾಗ ಹೋಗಿ, ಅರಳಿದ ಹೂವಿನ ಚೀಲ ಬಿಚ್ಚಿ, ಒಂದೇ ಜಾತಿಯ ಹುಳವನ್ನು ಕೂರಲು ಬಿಟ್ಟು ಮತ್ತೆ ಕಟ್ಟುವುದು. ಜೇನಿಗೆ ಹಳದಿ ದಾರ, ಚಿಟ್ಟೆಗೆ ಬಿಳಿ, ದುಂಬಿಗೆ ಕಪ್ಪು. ಬೇಡದವನ್ನು ಓಡಿಸಲು ಅತ್ತೆ ಬೀಸಣಿಗೆ ಹಿಡಿದು ನಿಂತಳು; ಚಿಟ್ಟೆಗೆ, "ಹೋಗಮ್ಮ, ನಿನ್ನ ಸರದಿ ಮುಗೀತು," ಅನ್ನುವಳು. ಚಿಟ್ಟೆ ಬಂದು ಮಕರಂದ ಸಿಗದೆ ಮೂತಿ ತಿರುಗಿಸಿ ಹೋಗುತ್ತಿತ್ತು. ಜೇನುನೊಣ ಉದುರಿದ ಪರಾಗದ ಪುಡಿ ಬಳಿದುಕೊಳ್ಳುತ್ತಿತ್ತು. ದುಂಬಿ ಮಾತ್ರ ಹೂವನ್ನು ಅಪ್ಪಿ ಹಿಡಿದು ಮೈ ನಡುಗಿಸಿತೆಂದರೆ, ಗರಗಸ ಗಂಟಿಗೆ ತಾಗಿದ ಹಾಗೆ ಸದ್ದು ಏರಿ, ಒಳಗೆ ಬಚ್ಚಿಟ್ಟ ಪುಡಿಯೆಲ್ಲ ಅದರ ಹೊಟ್ಟೆಯ ಮೇಲೆ ಸುರಿಯುತ್ತಿತ್ತು. ಆ ಸದ್ದು ಕೇಳಿದಾಗಲೆಲ್ಲ ಅಳಿಯನ ಸಿಟ್ಟು ಒಂದೊಂದು ಹಲ್ಲು ಕಳೆದುಕೊಳ್ಳುತ್ತಿತ್ತು. ಒಳಗೆ ಮರ ಹೆರೆಯುವ ಮಾವನ ಉಜ್ಜುಗೊರಡೂ ಯಾಕೋ ನಿಲ್ಲುತ್ತಿತ್ತು.

ಕಾಯಿ ಬಲಿತ ದಿನ ಮಾವನೇ ಮೊದಲು ಬಂದು ಕೂತ. ಬಿಳಿ ದಾರದಲ್ಲಿ ಒಣಗಿದ ತೊಟ್ಟು ಬಿಟ್ಟರೆ ಏನಿಲ್ಲ. ಹಳದಿಯಲ್ಲಿ ಅಲ್ಲೊಂದು ಸಣ್ಣ ಕಾಯಿ.

"ಇದೇನಿದು? ಜೇನುನೊಣವೂ ಕಾಯಿ ಮಾಡಿದೆಯಲ್ಲೋ."

"ಮಾಡಿದೆ ಮಾವ. ಇಲ್ಲ ಅನ್ನಲ್ಲ. ಕೊಯ್ದು ನೋಡು."

ಮಾವ ಸೊಂಟದ ಸಣ್ಣ ಉಳಿ ತೆಗೆದು ಕಾಯಿ ಸೀಳಿದ. ಒಳಗೆ ಬೀಜ ಅಪರೂಪ, ಬರೀ ತಿರುಳು. ಕಪ್ಪು ದಾರದ ಕಾಯಿಗಳು ಗುಂಡಗೆ, ತೊಟ್ಟು ಬಗ್ಗುವಷ್ಟು ಭಾರವಾಗಿದ್ದವು. ಅದರಲ್ಲೊಂದನ್ನು ಸೀಳಿದಾಗ ಬೀಜ ಒತ್ತಾಗಿ ಜೋಡಿಸಿದಂತಿತ್ತು. ಮಾವ ಉಗುರಿನಿಂದ ಅದನ್ನು ಸವರಿದ, ಮರದ ಒಳ್ಳೆಯ ಜೋಡಣೆಯನ್ನು ಸವರುವ ಹಾಗೆ.

"ಅದು ಪೊಳ್ಳು ಕೆಲಸ," ಎಂದ. "ಇದು ಗಟ್ಟಿ."

ಅತ್ತೆ ಬೀಸಣಿಗೆಯಿಂದ ಅವನ ಬೆನ್ನಿಗೊಂದು ಕೊಟ್ಟು ನಕ್ಕಳು. ಅಳಿಯ ನಗು ತಡೆಯಲಾರದೆ ಗಿಡದ ಕಡೆ ಮುಖ ತಿರುಗಿಸಿದ.

ಬಾಗಿಲು ಒಯ್ಯಲು ಕಂಟ್ರಾಕ್ಟರು ಬಂದಾಗ ಮಾವ ಏಣಿ ಹತ್ತಿ, ಆ ತೂತಿನ ತೊಲೆಯನ್ನು ಹಿತ್ತಲ ಸೂರಿನಡಿ ಬಿಸಿಲು ಬೀಳುವ ಕಡೆ ಜೋಡಿಸುತ್ತಿದ್ದ. ಅಳಿಯ ಕೆಳಗೆ ಏಣಿ ಹಿಡಿದಿದ್ದ.

"ಏನ್ ಮೇಸ್ತ್ರಿ," ಎಂದ ಕಂಟ್ರಾಕ್ಟರು, "ಮರ ತಿನ್ನೋ ಹುಳಕ್ಕೆ ಮನೆ ಕಟ್ಟಿಸ್ತಿದೀಯಾ? ಈ ವಯಸ್ಸಲ್ಲಿ ನೀನೂ ಸೂಲಗಿತ್ತಿ ಆದ್ಯಾ?"

ಮಾವನ ತುಟಿಗಳ ನಡುವೆ ಮೊಳೆಗಳಿದ್ದವು. ತೊಲೆ ಗಟ್ಟಿ ಕೂತಿತೇ ಅಂತ ಒಮ್ಮೆ ಅಲುಗಿಸಿ ನೋಡಿ, ಅವನ್ನು ತೆಗೆಯದೆಯೇ ಕೆಳಗಿಳಿದ, ಏಣಿಯನ್ನು ಹೆಗಲಿಗೇರಿಸಿದ, ನೇರಳೆ ಗಿಡಗಳನ್ನು ತುಳಿಯದ ಹಾಗೆ ಸುತ್ತಿ ಬಳಸಿ ನಡೆದುಹೋದ.